ಲಗಮವ್ವನ ಹಿಂಡಿನ ಮೊಂಡ ಆಡು

ನಾನೊಂದು ಆಡು. ಮೇಕೆ ಅಂದರೂ ನಡೆಯುತ್ತದೆ. ಕುರಿ ಅಂದರೆ ಮಾತ್ರ ಕಿವಿ ಕೂಡ ಅಲ್ಲಾಡಿಸುವವಳಲ್ಲ. ಕುರಿಗಳ ನಡುವೆ ಹನ್ನೊಂದು ವರ್ಷ ಬಾಳಿ, ಕುರಿಯ ಹಾಲನ್ನೇ ಕುಡಿದು ಬೆಳೆದು, ಈಗ ಹೀಗೆ ಮಾತಾಡಿದರೆ ನನಗೆ ಸೊಕ್ಕು ಎನ್ನುತ್ತೀರಿ. ಅನ್ನಿ. ಸೊಕ್ಕು ಇಲ್ಲದಿದ್ದರೆ ಈ ಕಥೆ ಹೇಳಲು ನಾನು ಉಳಿಯುತ್ತಲೇ ಇರಲಿಲ್ಲ.

ನಾನು ಹುಟ್ಟಿದ್ದು ಮನೆಯಲ್ಲಲ್ಲ, ದಾರಿಯಲ್ಲಿ. ನಮ್ಮವರು ಬೆಳಗಾವಿ ಸೀಮೆಯ ಕುರುಬರು. ಮಳೆಗಾಲ ಮುಗಿಯುತ್ತಲೇ ಕುರಿ, ಕುದುರೆ, ಕೋಳಿ, ಕೂಸು ಎಲ್ಲವನ್ನೂ ಕಟ್ಟಿಕೊಂಡು ಹೊರಡುತ್ತಾರೆ. ಕೊಯ್ಲಾದ ಹೊಲಗಳಲ್ಲಿ ಹಿಂಡು ತಂಗಿಸಿ ಗೊಬ್ಬರ ಕೊಡುತ್ತಾರೆ, ಹೊಲದವರು ಜೋಳ ಅಳೆದು ಕೊಡುತ್ತಾರೆ. ಹಾಗೆ ಹೋಗುವಾಗ ಒಂದು ಬದುವಿನ ಮೇಲೆ ಹೆತ್ತವ್ವ ನನ್ನನ್ನು ಹೆತ್ತಳು, ಹೆತ್ತು ಸತ್ತಳು. ಅದೇ ಮುಂಜಾನೆ ಒಂದು ಕುರಿಯ ಮರಿಯೂ ಸತ್ತಿತ್ತು.

ಹಿಂಡಿನ ಮರಿಗಳ ಆರೈಕೆಯೆಲ್ಲ ಲಗಮವ್ವನದು. ಆಗಿನ್ನೂ ಅವಳು ಮದುವೆಯಾಗಿ ಎರಡು ವರ್ಷವಾದ ಹೊಸ ಸೊಸೆ. ಸತ್ತ ಮರಿಯ ತೊಗಲು ಸುಲಿದು, ಅದನ್ನು ನನಗೆ ಅಂಗಿಯ ಹಾಗೆ ಹೊದಿಸಿ, ಹೊಟ್ಟೆಗೆ ದಾರ ಕಟ್ಟಿ, ಆ ಕುರಿಯ ಮುಂದೆ ನಿಲ್ಲಿಸಿದಳು. ತಬ್ಬಲಿ ಮರಿಗೆ ತಾಯಿ ಹುಡುಕುವ ರೀತಿ ನಮ್ಮವರಲ್ಲಿ ಇದೇ.

"ಬಾಯಿ ಮುಚ್ಚಿ ಕುಡಿ," ಅಂದಳು ಲಗಮವ್ವ. "ಒದರಿದಿ ಅಂದ್ರ ಆಕಿಗಿ ಗೊತ್ತಾಗ್ತೈತಿ."

ಕುರಿ ಮೂಸಿತು, ತನ್ನದೇ ವಾಸನೆ, ಕೆಚ್ಚಲು ಬಿಟ್ಟುಕೊಟ್ಟಿತು. ನಾಲ್ಕನೆಯ ದಿನ ತೊಗಲು ತೆಗೆದಾಗ ಅದಕ್ಕೆ ಮೋಸ ತಿಳಿಯಿತೆಂದು ಕಾಣುತ್ತದೆ, ಹಣೆಯಿಂದ ಒಮ್ಮೆ ನನ್ನನ್ನು ನೂಕಿತು. ಅಷ್ಟರಲ್ಲಿ ಅದಕ್ಕೆ ನಾನು ರೂಢಿಯಾಗಿದ್ದೆ, ನನಗೆ ಅದು. ಅಂದಿನಿಂದ ಅದೇ ನನ್ನ ಸಾಕವ್ವ.

ಕುರಿಗಳು ನಡೆಯುವುದನ್ನು ನೋಡಿದ್ದೀರಲ್ಲ? ಮುಂದಿನದರ ಬಾಲವೇ ಹಿಂದಿನದರ ಲೋಕ. ನಾನೂ ಕೆಲವು ತಿಂಗಳು ಹಾಗೇ ನಡೆದೆ. ಆದರೆ ನನ್ನ ಕಾಲಿಗೆ ಅದು ಒಗ್ಗಲಿಲ್ಲ. ಬಂಡೆ ಕಂಡರೆ ಹತ್ತಬೇಕು, ಬನ್ನಿ ಗಿಡ ಕಂಡರೆ ಎರಡು ಕಾಲ ಮೇಲೆ ನಿಂತು ಚಿಗುರು ಎಳೆಯಬೇಕು. ನನ್ನನ್ನು ನೋಡಿ ಎರಡು ಮೂರು ಕುರಿಮರಿಗಳೂ ಗಿಡಕ್ಕೆ ಕಾಲು ಕೊಟ್ಟು ನಿಲ್ಲತೊಡಗಿದವು. ಲಗಮವ್ವನ ಭಾವ ಮಾಯಪ್ಪನಿಗೆ ಇದನ್ನು ಕಂಡರೆ ಮೈಯುರಿ. ಹಿಂಡಿನ ಯಜಮಾನ ಅವನೇ.

"ಈ ಆಡು ಕುರೀನೆಲ್ಲಾ ಕೆಡಸ್ತೈತಿ," ಎಂದು ಕೋಲಿನಿಂದ ನನ್ನ ಬೆನ್ನಿಗೆ ಬಾರಿಸುತ್ತಿದ್ದ.

ಅವನ ಕೋಲಿಗೆ ನಾನು ಒಂದು ದಿನವೂ ಹೆದರಲಿಲ್ಲ. ಹೆದರಿಸಿದ್ದು ಬೇರೆ. ಒಮ್ಮೆ ಮುಳ್ಳುಬೇಲಿ ಹಾರಿ ಮೆಣಸಿನ ತೋಟಕ್ಕೆ ಬಿದ್ದೆ. ನಾನೊಬ್ಬಳೇ ಹಾರಿದ್ದು ಎಂದುಕೊಂಡಿದ್ದೆ. ತಿರುಗಿ ನೋಡಿದರೆ ನಲವತ್ತು ಕುರಿ ನನ್ನ ಹಿಂದೆ ಬೇಲಿ ಕಿತ್ತುಕೊಂಡು ಒಳಗೆ ಬಂದಿದ್ದವು. ತೋಟದವರು ಕಲ್ಲು ಬೀರಿದರು. ನಾನು ಹಾರಿ ತಪ್ಪಿಸಿಕೊಂಡೆ. ಹಾರಲು ಬಾರದ ಸಾಕವ್ವನಿಗೆ ಪೆಟ್ಟು ಬಿತ್ತು, ಅಂದಿನಿಂದ ಅವಳ ಹಿಂಗಾಲು ಕುಂಟಾಯಿತು. ಅವಳನ್ನು ಕುಂಟಿಸಿದವಳು ನಾನೇ, ಇದನ್ನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ಹಾರುವ ಮೊದಲು ಒಮ್ಮೆ ಹಿಂತಿರುಗಿ ನೋಡುವುದು ರೂಢಿಯಾಯಿತು. ಅದನ್ನು ಕಲಿಸಿದ್ದು ಕೋಲಲ್ಲ, ಹಿಂಡು.

ನನಗೆ ಐದು ವರ್ಷವಾದಾಗ ಲಗಮವ್ವನ ಗಂಡ ಸಿದ್ರಾಯ ಜ್ವರ ಬಂದು ತೀರಿಕೊಂಡ. ನೂರಾಹತ್ತು ಕುರಿಗಳಲ್ಲಿ ಮೂವತ್ತೆರಡು ಅವನ ಪಾಲಿನವು. ಆದರೆ ಎಲ್ಲವೂ ಕೂಡಿಯೇ ಮೇಯುತ್ತಿದ್ದವು, ಎಲ್ಲಕ್ಕೂ ಒಂದೇ ಗುರುತು. ದಿನಕರ್ಮ ಮುಗಿದ ಮೇಲೆ ಲಗಮವ್ವ ತನ್ನ ಪಾಲು ಕೇಳಿದಳು, ಬೇರೆ ಹಿಂಡು ಮಾಡಿ ತಾನೇ ಮುಂದೆ ನಡೆಯುತ್ತೇನೆ ಅಂದಳು. ಬಿಡಾರದ ಗಂಡಸರೆಲ್ಲ ನಕ್ಕರು.

"ಹೆಣ್ಮಕ್ಕಳು ಕುರಿ ಮುಂದ ನಡದ್ರ ಮಂದಿ ಏನ ಅಂದಾರು?" ಅಂದ ಮಾಯಪ್ಪ. "ನೀ ರೊಟ್ಟಿ ನೋಡ್ಕೋ, ಮರಿ ನೋಡ್ಕೋ. ಕುರಿ ನನ್ನ ಕೂಡ ಇರಲಿ."

"ಮಂದಿ ಅನ್ನೂದು ಅಂತಾರ್‍ರೀ ಭಾವಾರ," ಅಂದಳು ಲಗಮವ್ವ. "ನನ್ನ ಪಾಲು ನನಗ ಕೊಡ್ರಿ."

ಬಿಡಾರದ ಹಿರಿಯ ಸತ್ಯಪ್ಪಜ್ಜನ ಎದುರಿಗೇ ಮಾಯಪ್ಪ ಒಂದು ಪಂಥ ಕಟ್ಟಿದ. "ನಾಳಿ ಮುಂಜಾನೆ ನೀ ಆ ಕಡೆ ನಡಿ, ನಾ ಈ ಕಡೆ ನಡೀತೀನಿ. ನಿನ್ನ ಹಿಂದ ಎಷ್ಟ ಬರ್ತಾವ, ಅಷ್ಟ ನಿನ್ನವು. ಒಂದೂ ಬರ್ಲಿಲ್ಲಂದ್ರ ಮತ್ತ ಈ ಮಾತ ಎತ್ತಬಾರದು." ಅವನ ಸಿಳ್ಳೆ ಕೇಳಿಯೇ ಬೆಳೆದ ಕುರಿಗಳು, ಒಂದೂ ಅತ್ತ ಹೋಗದೆಂದು ಅವನಿಗೆ ಖಾತ್ರಿ. ಲಗಮವ್ವ ಒಪ್ಪಿದಳು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಮುಂಜಾನೆ ಅವಳು ಕಂಬಳಿ ಹೆಗಲಿಗೆ ಹಾಕಿ, ಮಗಳು ಕೆಂಚವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಹಳ್ಳದ ದಾರಿ ಹಿಡಿದಳು. ಈ ಕಡೆಯಿಂದ ಮಾಯಪ್ಪ ಸಿಳ್ಳೆ ಹಾಕಿದ. ನೂರಾಹತ್ತು ತಲೆಗಳೂ ಅವನ ಕಡೆಗೆ ತಿರುಗಿದವು. ನಿಜ ಹೇಳುತ್ತೇನೆ, ನಾನೂ ತಿರುಗಿದ್ದೆ. ಹಿಂಡು ಎತ್ತಲೋ ನಾನೂ ಅತ್ತಲೇ ಎನ್ನುವಷ್ಟು ಕುರಿತನ ನನ್ನೊಳಗೂ ಸೇರಿಕೊಂಡಿತ್ತು. ಸಿಳ್ಳೆ ಹಾಕಿ ಅಷ್ಟಕ್ಕೇ ನಿಲ್ಲಿಸಿದ್ದರೆ ಅವನೇ ಗೆಲ್ಲುತ್ತಿದ್ದ. ಆದರೆ ನನ್ನ ಮೇಲೆ ಅವನಿಗೆ ಅನುಮಾನ. ಅಷ್ಟು ವರ್ಷ ಬಡಿದ ಕೈಯಲ್ಲೇ ಒಂದು ಹಿಡಿ ಜೋಳ ಹಿಡಿದು, ಹಲ್ಲು ಕಿರಿದು, "ಬಾ ಬಾ, ನಮ್ಮವ್ವ ಬಾ," ಅಂದ.

ಆ ಹಲ್ಲು ನೋಡಿ ನನಗೆ ಉರಿದುಹೋಯಿತು. ಬೆನ್ನು ತಿರುಗಿಸಿ ಲಗಮವ್ವನ ದಾರಿ ಹಿಡಿದೆ.

ಹತ್ತು ಹೆಜ್ಜೆ ಇಟ್ಟೆ. ಹಿಂದೆ ಗೊರಸಿನ ಸದ್ದಿಲ್ಲ. ಹಿಂಡಿನ ಬಿಸಿಯಿಲ್ಲದೆ ನಾನು ಅಲ್ಲಿಯವರೆಗೆ ಒಮ್ಮೆಯೂ ನಡೆದಿರಲಿಲ್ಲ. ಹಿಂಡು ಬೇಡ ಎನ್ನುವ ನನ್ನ ಹಟವೆಲ್ಲ ಹಿಂಡು ಬೆನ್ನಿಗಿದ್ದ ಧೈರ್ಯದ್ದು ಎಂದು ಆಗ ತಿಳಿಯಿತು. ಆದರೂ ನಿಲ್ಲಲಿಲ್ಲ, ಹನ್ನೊಂದನೆಯ ಹೆಜ್ಜೆ ಇಟ್ಟೆ. ಆಗ ಹಿಂದಿನಿಂದ ಕುಂಟು ಹೆಜ್ಜೆಯ ಸದ್ದು ಬಂತು. ಸಾಕವ್ವ ಹೊರಟಿದ್ದಳು. ಅವಳ ಬಾಲ ಕಂಡು ಇನ್ನೊಂದು, ಅದರ ಬಾಲ ಕಂಡು ಮತ್ತೊಂದು, ಕಡೆಗೆ ಟಗರುಗಳೂ ಸೇರಿ ಹಿಂಡಿಗೆ ಹಿಂಡೇ ಹಳ್ಳದ ದಾರಿಗೆ ಬಿತ್ತು. ಮಾಯಪ್ಪನ ಸಿಳ್ಳೆಗೆ ಒಂದು ಕಿವಿಯೂ ನಿಮಿರಲಿಲ್ಲ.

ಪಂಥದ ಪ್ರಕಾರ ಎಲ್ಲ ಕುರಿಗಳೂ ಲಗಮವ್ವನವೇ. ಸತ್ಯಪ್ಪಜ್ಜ ಹಾಗೆಂದು ಹೇಳಿಯೂ ಬಿಟ್ಟ. ಅವಳು ಒಪ್ಪಲಿಲ್ಲ. ಮೊದಲು ಸಾಕವ್ವನನ್ನು ಈಚೆಗೆ ಎಳೆದು ಎಣಿಸತೊಡಗಿದಳು.

"ನನ್ನವು ಮೂವತ್ತೆರಡು, ಅಷ್ಟ ಸಾಕು," ಅಂದಳು. "ಉಳದಾವು ನಿಮ್ಮವು, ಹೊಡಕೊಂಡ ಹೋಗ್ರಿ ಭಾವಾರ."

"ಆ ಆಡೂ ನೀನ ಒಯ್ಯಿ," ಅಂದ ಮಾಯಪ್ಪ, ಮುಖ ಎತ್ತದೆ. "ನನಗ ಬ್ಯಾಡ ಆ ಪೀಡಾ."

ಒಂಟಿ ಹೆಂಗಸಿನ ಹಿಂಡು ಯುಗಾದಿಯೊಳಗೆ ಚದುರುತ್ತದೆ ಎಂದವರಿದ್ದರು. ಮೊದಲ ವರ್ಷ ಎಷ್ಟೋ ಜನ ಹೊಲಕ್ಕೆ ಸೇರಿಸಲಿಲ್ಲ. ಅವಳು ಮುಂದಿನ ಹೊಲ ಕೇಳಿದಳು, ಅಲ್ಲಿ ಇಲ್ಲವೆಂದರೆ ಅದರ ಮುಂದಿನದು. ಕೇಳಿ ಕೇಳಿ ಅವಳ ದನಿ ಗಡುಸಾಯಿತು, ಹೊಲದವರ ದನಿ ಮೆತ್ತಗಾಯಿತು. ಆರು ಯುಗಾದಿ ಕಳೆದಿವೆ. ಹಿಂಡು ಈಗ ಎಂಬತ್ತು ದಾಟಿದೆ, ಬೇರೆ ಬಿಡಾರಗಳ ಹೆಣ್ಣುಮಕ್ಕಳಿಬ್ಬರು ಅವಳನ್ನು ನೋಡಿ ತಮ್ಮ ಕುರಿ ತಾವೇ ಹೊಡೆಯುತ್ತಿದ್ದಾರೆ. ಸಾಕವ್ವ ಈಗಿಲ್ಲ. ಅವಳ ಮರಿಮಕ್ಕಳಿಗೆ ಬಾಲ ನೋಡಿ ನಡೆಯುವ ಅಭ್ಯಾಸವೇ ತಪ್ಪಿದೆ. ನನ್ನ ಹಟ ಅವಕ್ಕೆ ಹತ್ತಿದೆ, ಅನುಭವಿಸಬೇಕಾದವಳೂ ನಾನೇ.

ಈಗ ನನ್ನ ಹಲ್ಲು ಉದುರಿವೆ, ಮಂಡಿ ಬಾತಿವೆ. ಮುಂದೆ ನಡೆಯುವುದು ಬೂದಿ ಬಣ್ಣದ ಒಂದು ಹೆಣ್ಣು ಕುರಿ. ನಿನ್ನೆ ಅದು ಹಳೆಯ ಬಂಡಿದಾರಿ ಬಿಟ್ಟು, ನಾನು ಎಂದೂ ತುಳಿಯದ ಕಾಲುಹಾದಿಗೆ ಹಿಂಡನ್ನು ತಿರುಗಿಸಿತು. ನಾನು ಬಂಡಿದಾರಿಯಲ್ಲೇ ಕಾಲೂರಿ ನಿಂತೆ. ನಾನು ನಿಂತರೆ ಹಿಂಡು ನಿಲ್ಲುತ್ತಿದ್ದ ಕಾಲವಿತ್ತು. ನಿನ್ನೆ ಒಂದೂ ನಿಲ್ಲಲಿಲ್ಲ.

ಕೆಂಚವ್ವ ತಿರುಗಿ ನೋಡಿದಳು. "ಯವ್ವಾ, ಆಡು ಅಲ್ಲೇ ನಿಂತೈತಿ. ಕರೀಲೇನ?"

"ಕರೀಬ್ಯಾಡ," ಅಂದಳು ಲಗಮವ್ವ, ನಡೆಯುತ್ತಲೇ. "ಕರದ್ರ ಸಂಜೀತನಕ ಅಲ್ಲೇ ನಿಂದರತೈತಿ."

ಅವಳು ಹೇಳಿದ್ದು ನಿಜ. ಕರೆದಿದ್ದರೆ ನಿಂತೇಬಿಡುತ್ತಿದ್ದೆ. ಯಾರೂ ಕರೆಯಲಿಲ್ಲ. ಹಿಂಡಿನ ಹಿಂದೆ ಹೋದೆ.