ದೊಡ್ಡಳಿಯ ಆರಿಸಿದ ಟಿವಿ

ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನೇನು ತಿಂಗಳಿದೆ ಎನ್ನುವಾಗ ಬೀಯಾತುಮ್ಮನ ಮನೆಯ ಟಿವಿಯಲ್ಲಿ ಒಂದು ಹಸಿರು ಗೆರೆ ಮೂಡಿತು. ಮೊದಲು ಕೂದಲೆಳೆಯಷ್ಟಿದ್ದದ್ದು ನೋಡನೋಡುತ್ತ ಬೆರಳಿನಷ್ಟು ದಪ್ಪವಾಗಿ, ವಾರ್ತೆ ಓದುವವಳ ಮೂಗು ಅದರ ಹಿಂದೆ ಮರೆಯಾಯಿತು. ಕುಟ್ಟಿಚಿರ ಎಂಬ ಆ ಕೇರಿಯ ಬೇರೆ ಯಾವ ಮನೆಯಲ್ಲಾದರೂ ಇದು ಬೇಸರದ ಸಂಗತಿ. ಆದರೆ ಆ ಮನೆಯ ದೊಡ್ಡಳಿಯ ಅಸ್ಸೈನಾರನಿಗೆ ಒಳಗೊಳಗೇ ಖುಷಿಯಾಯಿತು. ಹಳೆಯದು ಕೆಟ್ಟಿತೆಂದರೆ ಹೊಸದು ತರಬೇಕು, ಹೊಸದು ತರಬೇಕೆಂದರೆ ತನ್ನನ್ನು ಕೇಳಬೇಕು. ಆ ಮನೆಗೆ ನೀರಿನ ಪಂಪು, ಫ್ರಿಜ್ಜು, ಮಿಕ್ಸಿ, ಕೊನೆಗೆ ಹಿತ್ತಲ ಬಾಗಿಲಿನ ಚಿಲಕ ಕೂಡ ಅವನನ್ನು ಕೇಳದೆ ಬಂದದ್ದಿಲ್ಲ.

ಮರುದಿನ ಬೆಳಿಗ್ಗೆ ಅಕ್ಕಿರೊಟ್ಟಿಯಂಥ ಪತ್ತಿರಿ ಮುರಿಯುತ್ತ ಕಾದ. ಹೆಂಡತಿ ಸುಹರಾ ಕೋಳಿಸಾರು ಬಡಿಸುತ್ತ, ಏನೂ ಅಲ್ಲದ ಮಾತಿನಂತೆ, ಉಮ್ಮ ಟಿವಿ ವಿಚಾರ ಇಜಾಸ್‌ಗೆ ಹೇಳಿದ್ದಾರೆ, ಅವನಿಗೆ ಅದೆಲ್ಲ ಗೊತ್ತಲ್ಲ ಎಂದಳು. ಅಸ್ಸೈನಾರ್ ಮುರಿದ ಪತ್ತಿರಿಯನ್ನು ತಟ್ಟೆಗೇ ಹಾಕಿ ಎದ್ದ.

ಇಜಾಸ್ ಅವನ ಷಡ್ಡಕ, ಕಿರಿಯ ನಾದಿನಿ ಹಫ್ಸಳ ಗಂಡ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಶಾರ್ಜಾದಲ್ಲಿ ಟಿವಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಅಂಗಡಿ ಮುಚ್ಚಿದ್ದರಿಂದ ಊರಿಗೆ ಬಂದಿದ್ದ. ಬಂದವನು ಬಂದಂತೆ ಇರಬಾರದೇ? ಅಲ್ಲಿ ಹೆಣ್ಣುಮಕ್ಕಳು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಉಳಿಯುತ್ತಾರೆ. ಕುಟ್ಟಿಚಿರದ ಅಳಿಯ ಎಂದರೆ ರಾತ್ರಿ ಇಶಾ ನಮಾಜು ಮುಗಿಸಿ ಹೆಂಡತಿಯ ಮನೆಗೆ ಬರುತ್ತಾನೆ, ಬೆಳಿಗ್ಗೆ ತಿಂಡಿ ತಿಂದು ಹೊರಡುತ್ತಾನೆ. ಹಗಲು ಅವನದು ಅಂಗಡಿ, ಇಲ್ಲವೇ ತಾಯಿಮನೆ. ಅಜ್ಜಂದಿರ ಕಾಲದಿಂದ ನಡೆದು ಬಂದ ಮರ್ಯಾದೆ ಅದು. ಇಜಾಸ್‌ನ ತಾಯಿ ತೀರಿಕೊಂಡಿದ್ದರು, ಹೋಗಲು ಮನೆಯಿಲ್ಲ, ಅಂಗಡಿಯೂ ಇಲ್ಲ. ಹಾಗಾಗಿ ಹಗಲಿಡೀ ಅಲ್ಲೇ ಇರುತ್ತಿದ್ದ. ಅಡುಗೆಮನೆಯಲ್ಲಿ ಹೆಂಗಸರ ನಡುವೆ ಕೂತು ಈರುಳ್ಳಿ ಹೆಚ್ಚುತ್ತಾನಂತೆ, ಚಹಾ ಕೂಡ ಕಾಸುತ್ತಾನಂತೆ. ಇದನ್ನು ಕೇಳಿದಾಗಲೆಲ್ಲ ಅಸ್ಸೈನಾರ್ ಮೂಗು ಮುರಿಯುತ್ತಿದ್ದ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಎಷ್ಟು ದಿನ ನಡೆಯುತ್ತದೆ ನೋಡೋಣ ಎಂದು ಸುಹರಾಳಿಗೆ ಹೇಳುತ್ತಿದ್ದ.

ಅಸ್ಸೈನಾರನಿಗಾದರೋ ಆ ಮನೆಯಲ್ಲಿ ಬೇರೆಯದೇ ಗತ್ತು. ತಲೆ ಅರ್ಧ ನರೆತಿದ್ದರೂ ಇಂದಿಗೂ ಅವನು ‘ಪುದಿಯಾಪ್ಳ’, ಅಂದರೆ ಹೊಸ ಮದುಮಗ. ಅವನು ಬರುವ ಹೊತ್ತಿಗೆ ನಡುಮನೆ ಗುಡಿಸಿ, ಬೆತ್ತದ ಕುರ್ಚಿಗೆ ಒಗೆದ ಬಟ್ಟೆ ಹೊದೆಸಿ ಇಡುತ್ತಿದ್ದರು. ಅಂಜಲ್ ಮೀನಿನ ನಡುತುಂಡು ಅವನ ತಟ್ಟೆಗೆ. ಅತ್ತೆ ಬೀಯಾತುಮ್ಮ ತಲೆ ತುಂಬ ಸೆರಗೆಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು, “ಪುದಿಯಾಪ್ಳನಿಗೆ ಇನ್ನೊಂದು ಹಾಕು” ಎಂದು ಮಗಳಿಗೆ ಹೇಳುತ್ತಿದ್ದರೇ ಹೊರತು ನೇರ ಮಾತಿಲ್ಲ. ಇಷ್ಟೆಲ್ಲ ಗೌರವ ತನ್ನೊಬ್ಬನಿಗೇ ಎಂದು ಅವನಿಗೆ ಹೆಮ್ಮೆ. ಈಗ ಟಿವಿ ಆರಿಸುವ ಕೆಲಸ ಕೈತಪ್ಪಿದರೆ ನಾಳೆ ಕುರ್ಚಿಯೂ ಕೈತಪ್ಪಿತು ಎಂದೇ ಅವನ ಲೆಕ್ಕ.

ವಲಿಯಂಗಾಡಿ ಪೇಟೆಯ ಅವನ ಅಕ್ಕಿ ಮಂಡಿಯಲ್ಲಿ ಆ ವಾರ ವ್ಯಾಪಾರ ಹೇಗೆ ನಡೆಯಿತೋ ದೇವರೇ ಬಲ್ಲ. ಗಿರಾಕಿ ಮೂಟೆಗೆ ಕೈಹಾಕಿ ಕಾಳು ನೋಡುತ್ತ ನಿಂತಿದ್ದರೆ ಅಸ್ಸೈನಾರ್ ಫೋನಿನಲ್ಲಿ ಮುಳುಗಿರುತ್ತಿದ್ದ. ಸಾದಾ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಒಎಲ್‌ಇಡಿ, ಯಾವುದನ್ನೂ ಬಿಡದೆ ಅರೆದು ಕುಡಿದ. ಕೊನೆಗೆ ಮನಸ್ಸು ಒಎಲ್‌ಇಡಿಯ ಮೇಲೆ ನಿಂತಿತು. ಉಳಿದವುಗಳಲ್ಲಿ ಪರದೆಯ ಹಿಂದೆ ದೀಪ ಉರಿಯುತ್ತಿರುತ್ತದೆ, ಆದ್ದರಿಂದ ಕತ್ತಲೆಯೂ ಬೂದಿ ಬಣ್ಣ. ಇದರಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಚುಕ್ಕಿಯೂ ತಾನೇ ಹೊತ್ತಿ ತಾನೇ ಆರುತ್ತದೆ. ಕಪ್ಪೆಂದರೆ ಕಡುಗಪ್ಪು.

ಶುಕ್ರವಾರ ಜುಮಾ ಮುಗಿದ ಮೇಲೆ ಷಡ್ಡಕರಿಬ್ಬರೂ ಮಾವೂರು ರಸ್ತೆಯ ಅಂಗಡಿಗೆ ಹೋದರು. ಅಸ್ಸೈನಾರನನ್ನು ಯಾರೂ ಕರೆದಿರಲಿಲ್ಲ, ಇಜಾಸ್ ಹೊರಡುವ ಹೊತ್ತಿಗೆ ಸರಿಯಾಗಿ ಗಾಡಿ ತಂದು ಮಸೀದಿಯ ಮುಂದೆ ನಿಲ್ಲಿಸಿದ್ದ, ಅಷ್ಟೆ. ಅಂಗಡಿಯವಳು ಕರಿ ಪರದೆ ಇಳಿಬಿಟ್ಟ ಕೋಣೆಗೆ ಕರೆದೊಯ್ದು ಟಿವಿಗಳಲ್ಲಿ ಒಂದೇ ಚಿತ್ರ ಹಾಕಿ ತೋರಿಸಿದಳು. ರಾತ್ರಿಯ ಸಮುದ್ರ, ಮೇಲೆ ಚಂದ್ರ. ಮಿನಿ ಎಲ್‌ಇಡಿಯಲ್ಲಿ ಚಂದ್ರನ ಸುತ್ತ ಹಾಲು ಚೆಲ್ಲಿದ ಹಾಗೆ ಮಸುಕು. ಒಎಲ್‌ಇಡಿಯಲ್ಲಿ ಚಂದ್ರನ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಚೊಕ್ಕ. ಅಸ್ಸೈನಾರ್ ಗೆದ್ದವನಂತೆ ಷಡ್ಡಕನ ಮುಖ ನೋಡಿದ.

ಇಜಾಸ್ ಚಂದ್ರನನ್ನು ಮೆಚ್ಚಿದ. ಆದರೆ ಅವನ ಕೈ ಮಿನಿ ಎಲ್‌ಇಡಿಯ ಮೇಲೇ ಇತ್ತು.

“ಚಿತ್ರ ನೋಡಿದ್ರೆ ಒಎಲ್‌ಇಡಿನೇ ಚೆಂದ ಅಸ್ಸೈನಾರ್ ಇಕ್ಕ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ನಡುಮನೆ ಎದುರಿಗೇ ತೊಟ್ಟಿ ಇದೆ ನೋಡಿ, ಮಧ್ಯಾಹ್ನ ಬಿಸಿಲು ನೆಟ್ಟಗೆ ಒಳಗೆ ಬೀಳತ್ತೆ. ಆ ಬೆಳಕಿಗೆ ಅದು ತಡೆಯಲ್ಲ. ಮಿನಿ ಎಲ್‌ಇಡಿ ಆದ್ರೆ ಬಿಸಿಲಿಗೆ ಸೆಡ್ಡು ಹೊಡೆಯತ್ತೆ.”

‘ನಮ್ಮ ನಡುಮನೆ’ ಎಂದನಲ್ಲ, ಅಸ್ಸೈನಾರ್ ಆ ಮಾತನ್ನೇ ಹಿಡಿದುಕೊಂಡ.

“ನೀನು ಆ ಮನೆಗೆ ಬಂದು ಎಷ್ಟು ದಿನ ಆಯ್ತಪ್ಪ? ನಾನು ಅಲ್ಲಿ ತಿಂದ ಉಪ್ಪು ತಕ್ಕಡಿಗೆ ಹಾಕಿದ್ರೆ ನಿನ್ನ ತೂಕ ಬರತ್ತೆ. ನನಗೇ ಮನೆ ಪರಿಚಯ ಮಾಡಿಸ್ತೀಯಾ?”

ಇಜಾಸ್ ನಕ್ಕ. ಜಗಳಕ್ಕೆ ಬಂದಿದ್ದರೂ ಚೆನ್ನಾಗಿತ್ತು, ಈ ನಗುವನ್ನು ಸಹಿಸುವುದು ಕಷ್ಟವಾಯಿತು. ಹಗಲು ಹೊತ್ತು ಹೆಂಡತಿಯ ಮನೆಯಲ್ಲಿ ಬಿದ್ದಿರುವವನಿಗೆ ಬಿಸಿಲಿನ ಲೆಕ್ಕ ಗೊತ್ತಿರುವುದು ಸಹಜವೇ ಎಂದು ಅಂಗಡಿಯವಳ ಮುಂದೆಯೇ ಒಂದು ಚುಚ್ಚಿ, ಅಸ್ಸೈನಾರ್ ಹೊರಗೆ ಬಂದ.

ಅಂದು ರಾತ್ರಿ ಮಾತು ಬಾಗಿಲ ಮರೆಗೆ ಹೋಯಿತು. ಒಳಗೆ ಗುಸುಗುಸು ನಡೆಯಿತು, ಹಫ್ಸಳ ದನಿ ಒಮ್ಮೆ ಏರಿ ಇಳಿಯಿತು. ಆಮೇಲೆ ಬೀಯಾತುಮ್ಮ ಕೆಮ್ಮಿ, ಪುದಿಯಾಪ್ಳ ಹೇಳಿದ್ದೇ ಆಗಲಿ ಎಂದರು. ಅಸ್ಸೈನಾರ್ ಬೆತ್ತದ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದ. ಕುರ್ಚಿ ಉಳಿಯಿತು.

ಒಎಲ್‌ಇಡಿ ಬಂತು, ಗೋಡೆಗೇರಿತು. ಹಳೆಯದನ್ನು ಗುಜರಿಗೆ ಹಾಕಿಬಿಡಿ ಎಂದು ಅಸ್ಸೈನಾರ್ ಹೇಳಿದ. ಹಾಕಿದ್ದಾಯಿತು ಎಂದು ಎರಡು ದಿನ ಬಿಟ್ಟು ಸುಹರಾ ಹೇಳಿದಳು. ವಿಶ್ವಕಪ್ಪಿನ ರಾತ್ರಿಗಳಲ್ಲಿ ಕೇರಿಯ ಅಳಿಯಂದಿರೆಲ್ಲ ಬಂದು ನೋಡಿ ಹೋದರು. ಚೆಂಡಿನ ಹೊಲಿಗೆ ಕೂಡ ಕಾಣುತ್ತದಲ್ಲ ಎಂದು ಒಬ್ಬ, ಆಟಗಾರನ ಬೆವರು ನಮ್ಮ ಮೇಲೇ ಬಿದ್ದ ಹಾಗಿದೆ ಎಂದು ಇನ್ನೊಬ್ಬ. ಕಪ್ಪು ನೋಡಿ, ಕಪ್ಪು ಎಂದು ಅಸ್ಸೈನಾರ್ ಎಲ್ಲರಿಗೂ ತೋರಿಸುತ್ತಿದ್ದ. ಇಜಾಸ್ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಎಲ್ಲರಿಗಿಂತ ಮೊದಲು ಹೌದೌದು ಎನ್ನುತ್ತಿದ್ದ. ಸೋತವನಿಗೆ ಹೊಟ್ಟೆ ಉರಿಯಬೇಕಲ್ಲವೇ? ಉರಿಯುತ್ತಿರಲಿಲ್ಲ. ಗೆದ್ದವನಿಗೇ ಯಾಕೋ ಉರಿಯುತ್ತಿತ್ತು.

ವಿಶ್ವಕಪ್ಪು ಮುಗಿಯಿತು. ಅದಾಗಿ ಸ್ವಲ್ಪ ದಿನಕ್ಕೆ ಒಂದು ಹರತಾಳ ಬಂತು. ವಲಿಯಂಗಾಡಿಯ ಬಾಗಿಲುಗಳೆಲ್ಲ ಬಂದ್. ಅಸ್ಸೈನಾರ್ ತಾಯಿಮನೆಗೆ ಹೋದರೆ ಅಕ್ಕತಂಗಿಯರೆಲ್ಲ ಮದುವೆ ಮನೆಗೆ ಹೋಗಿ ಅಲ್ಲಿಯೂ ಬೀಗ. ಕುಟ್ಟಿಚಿರದ ಕೆರೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತ. ಬಿಸಿಲೇರಿತು. ಆಗ ಅವನಿಗೆ ಒಂದು ಆಸೆ ಹುಟ್ಟಿತು. ರಾತ್ರಿ ಗಂಡಸರು ಹೊಗಳಿದ್ದನ್ನು ಕೇಳಿಯಾಗಿದೆ. ಹಗಲಿನಲ್ಲಿ ಹೆಂಗಸರು ತನ್ನ ಟಿವಿಯನ್ನು ಹೇಗೆ ನೋಡಿ ಸಂತೋಷಪಡುತ್ತಾರೆ ಎಂದು ಒಮ್ಮೆ ಕಣ್ಣಾರೆ ನೋಡಬಾರದೇಕೆ? ಹಬ್ಬದ ಊಟಕ್ಕೆ ಕರೆದಾಗಲೂ ಮುಂದಿನ ಪಡಸಾಲೆಯಲ್ಲೇ ಉಂಡು ಎದ್ದವನು ಅವನು. ಮಧ್ಯಾಹ್ನದ ಹೊತ್ತಲ್ಲಿ ಆ ಮನೆಯ ಒಳಗೆ ಕಾಲಿಟ್ಟದ್ದೇ ಇಲ್ಲ ಎಂಬುದು ಮೆಟ್ಟಿಲು ಹತ್ತುವಾಗಷ್ಟೇ ಅವನಿಗೆ ಹೊಳೆಯಿತು.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಗು ಬರುತ್ತಿತ್ತು. ನಡುನಡುವೆ ಒಂದು ಗಟ್ಟಿ ದನಿ ಯಾರನ್ನೋ ಬೈಯುತ್ತಿತ್ತು. ಅದು ಬೀಯಾತುಮ್ಮನ ದನಿ ಎಂದು ತಿಳಿಯಲು ಅಸ್ಸೈನಾರನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲ ಮರೆಯ ಆ ಮೆಲುದನಿ ಬಿಟ್ಟು ಬೇರೆ ದನಿ ಅವರಿಗಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ನಡುಮನೆಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು. ರಾತ್ರಿ ಬಾವಿಯಂತೆ ಕತ್ತಲಾಗಿರುತ್ತಿದ್ದ ತೊಟ್ಟಿಯಿಂದ ಬೆಳಕು ಕೊಡದಲ್ಲಿ ಮೊಗೆದು ಸುರಿದ ಹಾಗೆ ಬೀಳುತ್ತಿತ್ತು. ಗೋಡೆಯ ಮೇಲಿನ ಒಎಲ್‌ಇಡಿಗೆ ಹೂವಿನ ಚಿತ್ರದ ಹಾಸಿಗೆ ಬಟ್ಟೆ ಹೊದೆಸಿದ್ದರು. ಅಡುಗೆಮನೆಯ ಪಕ್ಕದ ಓಣಿಯಂಥ ಕತ್ತಲು ಜಾಗದಲ್ಲಿ, ಅವನೇ ಹಿಂದೊಮ್ಮೆ ಕೊಡಿಸಿದ ಅಕ್ಕಿ ಡಬ್ಬದ ಮೇಲೆ, ಗುಜರಿಗೆ ಹೋಗಿದ್ದ ಹಳೆಯ ಟಿವಿ ಕೂತಿತ್ತು. ಹಸಿರು ಗೆರೆಯ ಆಚೀಚೆ ಪತ್ತೇದಾರಿ ಧಾರಾವಾಹಿ ಓಡುತ್ತಿತ್ತು. ಚಾಪೆಯ ಮೇಲೆ ಬೀಯಾತುಮ್ಮ, ಸುಹರಾ, ಹಫ್ಸ, ಅವರ ನಡುವೆ ಈರುಳ್ಳಿ ತಟ್ಟೆ ಹಿಡಿದ ಇಜಾಸ್.

“ಅದೇನು ಈರುಳ್ಳಿ ಹೆಚ್ಚಿದ್ದೋ ಸೌದೆ ಸೀಳಿದ್ದೋ? ನಿನ್ನ ಆ ಬುರುಡೆ ಆಚೆ ಸರಿಸೋ, ಕೊಲೆ ಮಾಡಿದವನು ಯಾರು ಅಂತ ನೋಡ್ಬೇಕು ನಾನು,” ಎಂದು ಬೀಯಾತುಮ್ಮ ಅವನ ತಲೆಗೊಂದು ಮೊಟಕಿದರು. ಅವರ ತಲೆಯ ಮೇಲೆ ಸೆರಗಿರಲಿಲ್ಲ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ಅಸ್ಸೈನಾರನಿಗೆ ಗೊತ್ತಾದದ್ದು ಅಂದೇ.

ಸುಹರಾ ತಿರುಗಿ ನೋಡಿದಳು. ಅಲ್ಲಿಗೆ ನಗು ನಿಂತಿತು. ಸೆರಗುಗಳು ತಲೆಗೇರಿದವು, ಬೀಯಾತುಮ್ಮ ಬಾಗಿಲ ಮರೆಗೆ ಸರಿದರು. ಹಫ್ಸ ಕುರ್ಚಿ ಒರೆಸಿದಳು, ಇಜಾಸ್ ಓಡಿ ಹೋಗಿ ಹಾಸಿಗೆ ಬಟ್ಟೆ ಎಳೆದು ದೊಡ್ಡ ಟಿವಿ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ರಾತ್ರಿಯ ಹಾಗೆ ಆಯಿತು, ಬಿಸಿಲೊಂದು ಬಿಟ್ಟು. ದಿನವೂ ಸಂಜೆ ತಾನು ಬರುವ ಮೊದಲು ಇದೇ ನಡೆಯುತ್ತಿರಬೇಕು ಎಂದು ಅಸ್ಸೈನಾರ್ ಕುರ್ಚಿಯಲ್ಲಿ ಕೂರುತ್ತ ಅಂದುಕೊಂಡ. ಟಿವಿಯೊಂದೇ ಅಲ್ಲ, ಮನೆಗೆ ಮನೆಯೇ ತನಗಾಗಿ ಬಟ್ಟೆ ಬದಲಾಯಿಸುತ್ತಿತ್ತು.

ಪರದೆಯ ಮೇಲೆ ಅದೇ ಧಾರಾವಾಹಿ. ಕೊಲೆಗಾರ ಕತ್ತಲಲ್ಲಿ ಎಲ್ಲೋ ಅಡಗಿದ್ದ. ಅಸ್ಸೈನಾರನಿಗೆ ಕಂಡದ್ದು ತೊಟ್ಟಿಯ ಕಂಬ, ಹಗ್ಗದ ಮೇಲೆ ಒಣಗುತ್ತಿದ್ದ ಲಂಗ, ಮತ್ತು ಬೆತ್ತದ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಒಬ್ಬ ನರೆತ ಮದುಮಗ. ಕಡುಗಪ್ಪಿನ ಮೇಲೆ ಅವನ ಮುಖದ ಒಂದೊಂದು ಸುಕ್ಕೂ ಸ್ಪಷ್ಟವಾಗಿತ್ತು.

ಸುಹರಾ ಬಾಳೆಹಣ್ಣಿನ ಸಿಹಿ ಉನ್ನಕ್ಕಾಯಿಯ ತಟ್ಟೆ ತಂದಿಟ್ಟಳು. ಬಾಗಿಲ ಮರೆಯಿಂದ ಮೆಲುದನಿ ಬಂತು. “ಬಹಳ ಚೆನ್ನಾಗಿ ಕಾಣತ್ತೆ ಅಂತ ಪುದಿಯಾಪ್ಳನಿಗೆ ಹೇಳು.”

“ಏನೂ ಕಾಣಲ್ಲ ಉಮ್ಮ,” ಎಂದ ಅಸ್ಸೈನಾರ್. ಬಾಗಿಲ ಕಡೆಗೆ ಅವನು ನೇರವಾಗಿ ಮಾತಾಡಿದ್ದು ಅದೇ ಮೊದಲು. “ನನ್ನ ಮುಖ ಬಿಟ್ಟು ಇನ್ನೇನೂ ಕಾಣ್ತಾ ಇಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ?”

ಇಜಾಸ್ ಈರುಳ್ಳಿ ತಟ್ಟೆಯನ್ನು ನೋಡುತ್ತ ನಿಂತಿದ್ದ. ಬೀಯಾತುಮ್ಮನೇ ಮಾತಾಡಿದರು. “ಪುದಿಯಾಪ್ಳ ಆಸೆಪಟ್ಟು ತಂದದ್ದು. ಮನಸ್ಸಿಗೆ ನೋವಾಗೋ ಹಾಗೆ ಹೇಗೆ ಹೇಳೋದು?”

ಅಸ್ಸೈನಾರ್ ಒಂದು ಉನ್ನಕ್ಕಾಯಿ ಕೈಗೆತ್ತಿಕೊಂಡ, ತಿನ್ನಲಿಲ್ಲ. ಕೇಳಬಾರದು ಎಂದು ಗೊತ್ತಿದ್ದೂ ಕೇಳಿದ.

“ಇದನ್ನ ಇಜಾಸ್ ತಂದಿದ್ರೆ?”

“ಅವನಾ?” ಬೀಯಾತುಮ್ಮನಿಗೆ ಮೆಲುದನಿ ಮರೆತೇ ಹೋಯಿತು. “ಅವನು ತಂದಿದ್ರೆ ಅವನ ತಲೆ ಮೇಲೇ ಹೊರಿಸಿ ಅಂಗಡಿವರೆಗೂ ಬೈಕೊಂಡು ಹೋಗ್ತಿದ್ದೆ.”

ಹಫ್ಸ ಕಿಸಕ್ಕನೆ ನಕ್ಕಳು. ಸುಹರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಇಜಾಸ್. ಅಸ್ಸೈನಾರನೂ ನಗಲೇಬೇಕಾಯಿತು, ನಕ್ಕ. ನಗುತ್ತಲೇ ಷಡ್ಡಕನ ಕಡೆಗೆ ನೋಡಿದ. ಅವನ ಕೂದಲಿನಲ್ಲಿ, ಅತ್ತೆ ಮೊಟಕಿದ ಜಾಗದಲ್ಲಿ, ಈರುಳ್ಳಿ ಸಿಪ್ಪೆಯೊಂದು ಇನ್ನೂ ಅಂಟಿಕೊಂಡಿತ್ತು. ಹುಟ್ಟಿದಾಗಿನಿಂದ ಯಾರ ಮೇಲೂ ಅಸ್ಸೈನಾರನಿಗೆ ಅಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ.