ಎರಡನೆಯ ಸಾಕ್ಷಿ

ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮುಂಜಾನೆ. ನಲ್ಲಿಗೆ ನೀರು ಬಂದಿತ್ತು. ಪ್ರಿಯಾ ಕೊಡ ಹಿಡಿದು ಹೊರಬಂದರೆ ಗಂಡನ ಅಣ್ಣ ಹುಲುಗಪ್ಪ ಪಡಸಾಲೆಯ ಗೋಡೆಯನ್ನು ಬಡಿದು ನೋಡುತ್ತಿದ್ದ.

"ಇದನ್ನ ಒಡೆದ್ರ ಒಂದು ಅಂಗಡಿ ಷಟರ್ ಕೂರತೈತಿ ನೋಡವ್ವ."

"ಇದು ನನ್ನ ಸಂಬಳದಾಗ ಕೊಂಡ ಮನಿ ರೀ, ಭಾವ."

"ಯಾರು ಇಲ್ಲಂದ್ರು? ನೀ ಇರೋತನಕ ನಿಂದಾ. ಆಮ್ಯಾಲ?" ಚಹಾ ಕುಡಿದು ಹೋದ.

ಆಮೇಲೆ ಮನೆ ಯಾರದೆಂದು ಕಾಲೇಜಿನಲ್ಲಿ ಪಾಠ ಹೇಳುವ ಅವಳಿಗೂ ಗೊತ್ತಿರಲಿಲ್ಲ. ವಕೀಲರಿಗೆ ಫೋನ್ ಮಾಡಿ ಕೇಳಿದಳು. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ಸತ್ತರೆ ಅವಳೇ ಕೊಂಡ ಮನೆಯೂ ಮೊದಲು ಗಂಡನ ಕಡೆಯವರಿಗೆ. ಹೆತ್ತ ತಾಯಿ ಆಮೇಲೆ. ಒಳಗೆ ತಾಯಿ ಮಂಜಮ್ಮ ಅಕ್ಕಿ ಆರಿಸುತ್ತಿದ್ದಳು. ಆಕೆಗೆ ಬೇರೆ ಸೂರಿರಲಿಲ್ಲ.

ಗಂಡ ಕ್ರಾಂತಿಕುಮಾರ್ ಉಂಡು ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲೇ ಹೋಗಿಬಿಟ್ಟಿದ್ದ. ಸಾವಿಗೆ ಅಷ್ಟೇ ಹೊತ್ತು ಸಾಕು. ತಾನೂ ಹಾಗೇ ಹೋದರೆ ಎಂದು ಪ್ರಿಯಾ ಆವತ್ತು ಮೆಟ್ಟಿಲಿಗೆ ಹೆದರಿದಳು, ಸ್ವಿಚ್ಚಿಗೆ ಹೆದರಿದಳು, ಗಂಟಲಲ್ಲಿ ನಿಂತ ಅನ್ನದ ಅಗುಳಿಗೂ ಹೆದರಿದಳು.

ಸಂಜೆ, ಮನೆ ತಾಯಿಗೆ ಎಂದು ಬಿಳಿ ಹಾಳೆಯ ಮೇಲೆ ಉಯಿಲು ಬರೆದಳು. ಇಬ್ಬರ ಸಾಕ್ಷಿ ಬೇಕು. ಅವಳು ಸಹಿ ಹಾಕಿದ್ದನ್ನು ನೋಡಿ ಜೊತೆಯ ಉಪನ್ಯಾಸಕಿ ಪುಷ್ಪಲತಾ ತನ್ನ ಸಹಿ ಹಾಕಿದಳು. ಎದುರುಮನೆಯ ಪಾಲಾಕ್ಷಪ್ಪ ಪೆನ್ನು ಕೆಳಗಿಟ್ಟ.

"ವಯಸ್ಸಿನ ಹುಡುಗಿ ಉಯಿಲು ಬರೆದ್ರ ಯಮಗ ವಿಳಾಸ ಕೊಟ್ಟಂಗವ್ವ. ನಾಳೆ ನಿನಗೇನಾರ ಆದ್ರ, ಪಾಲಾಕ್ಷನ ಸಹೀನಾ ಆಕಿನ್ನ ತಿಂತು ಅಂತಾರ." ಎದ್ದುಹೋದ.

ಮರುದಿನ ಹುಲುಗಪ್ಪ ಗಾರೆ ಕೆಲಸದ ಗೌಂಡಿಯನ್ನು ಕರೆತಂದ. "ಸುಮ್ನ ಅಂದಾಜಿಗೆ," ಎಂದ. ಗೌಂಡಿ ಟೇಪು ಬಿಚ್ಚಿ ಗೋಡೆಗೆ ಹಿಡಿದ. ಮಂಜಮ್ಮ ಮಗಳ ಸೆರಗು ಹಿಡಿದುಕೊಂಡಳು.

ಹಿತ್ತಲಲ್ಲಿ ಪಾಲಾಕ್ಷಪ್ಪನ ಏಣಿ ಇತ್ತು. ಫ್ಯಾನು ಹಾಕಲೆಂದು ಕ್ರಾಂತಿಕುಮಾರ್ ಕೇಳಿ ತಂದದ್ದು. ಹಾಳೆಯನ್ನು ಬ್ಲೌಸಿನಲ್ಲಿ ಸಿಕ್ಕಿಸಿಕೊಂಡು ಪ್ರಿಯಾ ಏಣಿಯನ್ನು ಹೆಗಲಿಗೇರಿಸಿದಳು. ಸತ್ತವನಿಗೆ ತಿಂಗಳ ಎಡೆ ಇಡುವವರೆಗೆ ಗಂಡ ಸತ್ತವಳು ಇನ್ನೊಬ್ಬರ ಹೊಸ್ತಿಲು ತುಳಿಯುವಂತಿಲ್ಲ. ಪಾಲಾಕ್ಷಪ್ಪನ ಅಂಗಳದಲ್ಲೇ ನಿಂತಳು.

"ನಿಮ್ಮ ಏಣಿ ರೀ, ಕಾಕಾ. ಅವರು ಕೊಡಬೇಕಿತ್ತು. ನಾಳೆ ಕೊಟ್ರಾತು ಅಂದಿದ್ರು."

ಪಾಲಾಕ್ಷಪ್ಪ ಹೊಸ್ತಿಲು ದಾಟಿ ಹೊರಬಂದ.

"ನಾ ಸಾಯೋದಕ್ಕ ನೀವು ಸಾಕ್ಷಿ ಆಗೋದು ಬ್ಯಾಡ. ಬರೆಯುವಾಗ ಬದುಕಿದ್ದೆ ಅನ್ನೋದಕ್ಕ ಆಗ್ರಿ."

ಅವನು ಬೀದಿಯಾಚೆ ನೋಡಿದ. ಗೌಂಡಿ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದ.

"ಪೆನ್ನು ತಂದೀಯೇನು?" ಎಂದ. "ಮೊದಲು ಅದನ್ನ ಇಳಿಸು, ಹೆಗಲು ನೋಯತೈತಿ."

ಪ್ರಿಯಾ ಏಣಿಯನ್ನು ಇಳಿಸಿ ಅವನ ಗೋಡೆಗೆ ಆನಿಸಿದಳು.