ಬಾಡಿಗೆ ಮನೆಗೆ ಬಳಿದ ಬಣ್ಣ

"ಅಮ್ಮಾ, ಇದು ಬಾಡಿಗೆ ಮನೆ," ಎಂದು ಇಸ್ತ್ರಿಯವಳು ಮತ್ತೊಮ್ಮೆ ಹೇಳುವಷ್ಟರಲ್ಲಿ ಪಾದ್ರಿಯ ಹೆಂಡತಿ ಬ್ರಷ್ಷನ್ನು ಡಬ್ಬಿಗೆ ಅದ್ದಿಯಾಗಿತ್ತು.

"ಬಾಡಿಗೆಯಾದ್ರೇನಕ್ಕಾ? ಇರೋರು ನೀವು ತಾನೆ?"

ವರ್ಷಕ್ಕೊಮ್ಮೆ ಚರ್ಚಿನವರು ತಮ್ಮ ಸಭೆಗೆ ಸೇರದ ಒಂದು ಬಡ ಕುಟುಂಬವನ್ನು ಆರಿಸಿಕೊಂಡು, ಆ ಮನೆಗೆ ಬಣ್ಣ ಬಳಿದು, ಪ್ರಾರ್ಥನೆ ಮಾಡಿ ಬರುವುದು ವಾಡಿಕೆ. ನೆರೆಯವರನ್ನು ಪ್ರೀತಿಸಬೇಕೆಂಬ ಮಾತನ್ನು ಗಟ್ಟಿಯಾಗಿ ಹಿಡಿದ ಜನ. ನೆರೆಯವರನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಇದ್ದದ್ದು ಒಂದೇ ಕೋಣೆ. ಬಾಗಿಲ ಬಳಿ ಇಸ್ತ್ರಿ ಮೇಜು, ಪರದೆಯ ಹಿಂದೆ ಹಾಸಿಗೆ ಹಿಡಿದ ಅತ್ತೆ. ಇಸ್ತ್ರಿ ಪೆಟ್ಟಿಗೆಯ ಕೆಂಡದ ಹೊಗೆಗೆ ಗೋಡೆಗಳೆಲ್ಲ ಕರಿ ಹಿಡಿದಿದ್ದವು. ಆ ಕರಿ ಗೋಡೆಯ ಕೋಣೆಯನ್ನು ಬೇರೆ ಯಾರೂ ಕೇಳುವಂತಿರಲಿಲ್ಲ, ಅದರಿಂದಾಗಿಯೇ ಮಾಲೀಕನ ಕಣ್ಣು ಇತ್ತ ಬಿದ್ದಿರಲಿಲ್ಲ. ಬೀದಿಯ ಬಟ್ಟೆಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು, ಹೊಟ್ಟೆ ತುಂಬುತ್ತಿತ್ತು.

ಸಂಜೆಗೆ ಕೋಣೆ ಥಳಥಳ ಎಂದಿತು. ಸುಳ್ಳೇಕೆ ಹೇಳಬೇಕು, ಇಸ್ತ್ರಿಯವಳಿಗೂ ಸಂತೋಷವಾಯಿತು. ಅತ್ತೆ ಕತ್ತು ಹೊರಳಿಸಿ ನೋಡಿ, "ಯಾರ ಮನೆಗೆ ಎತ್ಕೊಂಡು ಬಂದ್ಯೇ ನನ್ನ?" ಎಂದಾಗ ಎಲ್ಲರೂ ನಕ್ಕರು.

ಮರುವಾರ ಮಾಲೀಕ ಬಂದು ಗೋಡೆ ಸವರಿದ. "ಇಂಥಾ ಮನೇಲಿ ಕೆಂಡ ಉರಿಸ್ತೀಯಾ? ತಿಂಗಳ ಕೊನೆಗೆ ಖಾಲಿ ಮಾಡಮ್ಮ."

ಕೆಂಡ, ಹೊಗೆ, ಹಾಸಿಗೆ ಹಿಡಿದ ಮುದುಕಿ. ಇಷ್ಟನ್ನೂ ಸೇರಿಸಿಕೊಳ್ಳುವ ಮನೆ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಬೀದಿ ಬಿಟ್ಟರೆ ಬಟ್ಟೆ ಕೊಡುವವರೂ ಇಲ್ಲ. ಅವಳು ನೆಟ್ಟಗೆ ಪಾದ್ರಿಯಮ್ಮನ ಬಳಿ ಹೋದಳು.

ಪಾದ್ರಿಯಮ್ಮ ಕೆಟ್ಟವಳಲ್ಲ. ಚಪ್ಪಲಿ ಮೆಟ್ಟಿದವಳೇ ಮಾಲೀಕನ ಮನೆಗೆ ಓಡಿದಳು, ಅಂಗಲಾಚಿದಳು.

"ಮಾತು ಕೊಟ್ಟಾಯ್ತಲ್ಲಮ್ಮಾ," ಎಂದ ಮಾಲೀಕ. "ನಿಮ್ಮ ಹಾಡಿನ ತಂಡದ ಹುಡುಗನಿಗೇ. ಹೊಸದಾಗಿ ಮದುವೆ ಆದೋನು. ಬಣ್ಣ ಬಳಿಯೋಕೆ ಬಂದಾಗ್ಲೇ ಮನಸ್ಸಿಗೆ ಹಿಡಿಸಿತ್ತಂತೆ."

ಅವನಿಗೆ ಮನೆ ಸಿಕ್ಕಿತೆಂದು ಭಾನುವಾರವಷ್ಟೇ ಸಭೆಯಲ್ಲಿ ಸ್ತೋತ್ರ ಹೇಳಿದ್ದರು. ಪಾದ್ರಿಯಮ್ಮನೂ ಕೈ ಜೋಡಿಸಿದ್ದಳು. ಯಾವ ಮನೆ ಎಂದು ಅವಳು ಕೇಳಿರಲಿಲ್ಲ.

ಹೋಗಿ ಆ ಹುಡುಗನನ್ನೂ ಕೇಳಿಕೊಂಡಳು. "ನಾವು ಬೇಡ ಅಂದ್ರೆ ಬೇರೆಯವರು ಬರ್ತಾರಮ್ಮಾ," ಎಂದ ಅವನು. ಆ ಮಾತೂ ಸುಳ್ಳಲ್ಲ, ಹಾಳಾದ್ದು.

ಖಾಲಿ ಮಾಡುವ ದಿನ ತಳ್ಳುಗಾಡಿಯ ಮೇಲೆ ಮೇಜು, ಮೇಜಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅತ್ತೆ. ಊರಾಚೆ ಯಾವುದೋ ಶೆಡ್ಡಿಗೆ ಹೊರಟಿದ್ದರು.

"ವಿಳಾಸ ಕೊಡಿ ಅಕ್ಕಾ. ನಾವೆಲ್ಲ ಬಂದು ನೋಡ್ತೀವಿ," ಎಂದಳು ಪಾದ್ರಿಯಮ್ಮ.

"ಬೇಡಮ್ಮಾ, ಬರಬೇಡಿ," ಎಂದಳು ಇಸ್ತ್ರಿಯವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವಂತಿತ್ತು.

ಪಾದ್ರಿಯಮ್ಮನಿಗೆ ಕಣ್ಣು ತುಂಬಿತು. ಅವಳೂ ಗಾಡಿಗೆ ಕೈ ಕೊಟ್ಟು ತಳ್ಳತೊಡಗಿದಳು. ಬೀದಿಯ ತಿರುವಿನವರೆಗೆ ಇಬ್ಬರೂ ತಳ್ಳಿದರು. ಅಲ್ಲಿ ಇಸ್ತ್ರಿಯವಳು ಮುಖ ತಿರುಗಿಸದೆಯೇ, "ಸಾಕು" ಎಂದಳು.

ಪಾದ್ರಿಯಮ್ಮ ಕೈ ತೆಗೆದಳು. ಗಾಡಿ ಒಂದು ಕ್ಷಣ ನಿಂತಂತಾಗಿ, ಮತ್ತೆ ಮೆಲ್ಲಗೆ ಉರುಳಿತು.